ಹಲಗೆ ಕಾಣುತ್ತಿದೆಯೇ ಎಂದು ನಮ್ಮನ್ನು ಕೇಳುವವರು ಯಾರು?

ಬಿ.ಇಡಿ. ಪ್ರವೇಶದ ದಿನ ನಮ್ಮೆಲ್ಲರ ಕೈಯಲ್ಲಿ ಒಂದು ದಪ್ಪ ಫೈಲು ಇರುತ್ತದೆ. ಹತ್ತನೇ ತರಗತಿಯಿಂದ ಪದವಿಯವರೆಗಿನ ಅಂಕಪಟ್ಟಿಗಳು, ವರ್ಗಾವಣೆ ಪತ್ರ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಆಧಾರ್ ಪ್ರತಿ, ಭಾವಚಿತ್ರಗಳು. ಒಂದು ಕಾಗದ ಕಡಿಮೆಯಾದರೂ ಮರುದಿನ ಬನ್ನಿ ಎನ್ನುತ್ತಾರೆ. ಇಷ್ಟೆಲ್ಲ ಕಾಗದಗಳಲ್ಲಿ ಈ ಅಭ್ಯರ್ಥಿಗೆ ದೂರದ ಅಕ್ಷರ ಕಾಣುತ್ತದೆಯೇ ಎಂದು ತಿಳಿಸುವ ಒಂದು ಸಾಲು ಕೂಡ ಇರುವುದಿಲ್ಲ. ಕೆಲವು ಕಡೆ ದೈಹಿಕ ಅರ್ಹತಾ ಪತ್ರ ಕೇಳುವುದುಂಟು. ಆದರೆ ಅದು ಒಂದು ಸಹಿ, ಒಂದು ಮೊಹರು ಅಷ್ಟೆ. ಅಭ್ಯರ್ಥಿಯನ್ನು ಆರು ಮೀಟರ್ ದೂರದಲ್ಲಿ ನಿಲ್ಲಿಸಿ, ಒಂದು ಕಣ್ಣು ಮುಚ್ಚಿಸಿ ಓದಿಸಿದ್ದನ್ನು ನಾನು ಕಂಡಿಲ್ಲ.

ಪದವಿ ಮತ್ತು ಬಿ.ಇಡಿ. ವಿದ್ಯಾರ್ಥಿಗಳ ಕಣ್ಣಿನ ಬಗ್ಗೆ ನಮ್ಮ ಶಿಕ್ಷಣ ವ್ಯವಸ್ಥೆ ಯೋಚಿಸಿಲ್ಲ ಎಂಬುದು ನನ್ನ ಅಭಿಪ್ರಾಯ. ಇದರ ನಷ್ಟ ನಮ್ಮೊಬ್ಬರದ್ದೇ ಅಲ್ಲ, ನಾಳೆ ನಾವು ಪಾಠ ಮಾಡುವ ಮಕ್ಕಳದ್ದೂ ಹೌದು. ಆದ್ದರಿಂದ ಪ್ರತಿ ಪ್ರಶಿಕ್ಷಣಾರ್ಥಿಯ ಕಣ್ಣು ಪ್ರವೇಶದ ತಿಂಗಳಲ್ಲೇ ಪರೀಕ್ಷೆಯಾಗಬೇಕು, ಪ್ರತಿ ಬೋಧನಾ ಅಭ್ಯಾಸ ತರಗತಿಯಲ್ಲಿ ಮಕ್ಕಳ ದೃಷ್ಟಿ ನೋಡಿಯೇ ಮೊದಲ ಪಾಠ ಆರಂಭವಾಗಬೇಕು ಎಂದು ವಾದಿಸಲು ಈ ಲೇಖನ ಬರೆಯುತ್ತಿದ್ದೇನೆ.

ಹದಿನೆಂಟು ದಾಟಿದವರ ಪಾಡು

ಅಂಧತ್ವ ನಿಯಂತ್ರಣಕ್ಕೆಂದು ನಮ್ಮ ದೇಶ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿದ್ದು 1976ರಲ್ಲಿ. ಅದರಡಿ ಶಾಲಾ ಮಕ್ಕಳ ಕಣ್ಣಿನ ತಪಾಸಣೆ ಮತ್ತು ಉಚಿತ ಕನ್ನಡಕದ ವ್ಯವಸ್ಥೆ ಇದೆ. 2013ರಲ್ಲಿ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗಳಿಗೂ ಸರ್ಕಾರಿ, ಅನುದಾನಿತ ಶಾಲೆಗಳಿಗೂ ಬಂದು ಮಕ್ಕಳನ್ನು ನೋಡುತ್ತವೆ. ಅವರ ಪಟ್ಟಿಯಲ್ಲಿ ದೃಷ್ಟಿದೋಷವೂ ಇದೆ. ಆದರೆ ಆ ಕಾರ್ಯಕ್ರಮ ಹುಟ್ಟಿನಿಂದ ಹದಿನೆಂಟು ವರ್ಷದವರೆಗೆ ಮಾತ್ರ. ಇನ್ನೊಂದು ಕಡೆ ಕಣ್ಣಿನ ಶಿಬಿರ ಎಂದರೆ ನಮ್ಮ ಊರುಗಳಲ್ಲಿ ಪೊರೆ ಎಂದೇ ಅರ್ಥ. ಡಾ. ಎಂ. ಸಿ. ಮೋದಿಯವರು ಊರೂರು ಸುತ್ತಿ ಸಾಮೂಹಿಕ ಶಿಬಿರಗಳಲ್ಲಿ ಲಕ್ಷಾಂತರ ಜನರಿಗೆ ದೃಷ್ಟಿ ಮರಳಿಸಿದ ನಾಡಿದು. ಆ ದೊಡ್ಡ ಕೆಲಸದ ನೆನಪಿನಿಂದಲೋ ಏನೋ, ಕಣ್ಣಿನ ಶಿಬಿರದ ಬ್ಯಾನರ್ ಕಂಡರೆ ಮನೆಯ ಅಜ್ಜಿ ತಾತನನ್ನು ಕರೆದುಕೊಂಡು ಹೋಗುತ್ತೇವೆಯೇ ಹೊರತು ನಾವು ಸಾಲಿನಲ್ಲಿ ನಿಲ್ಲುವುದಿಲ್ಲ.

ಹೀಗೆ ಮಕ್ಕಳಿಗೊಂದು ಯೋಜನೆ, ಮುದುಕರಿಗೊಂದು ಶಿಬಿರ ಇದ್ದು, ಹದಿನೆಂಟರಿಂದ ಮೂವತ್ತರ ನಡುವಿನವರು ಯಾರ ಪಟ್ಟಿಯಲ್ಲೂ ಇಲ್ಲ. ಸಮೀಪ ದೃಷ್ಟಿ ದೋಷ ಸಾಮಾನ್ಯವಾಗಿ ಶಾಲೆಯ ವಯಸ್ಸಿನಲ್ಲಿ ಆರಂಭವಾಗಿ, ಹದಿಹರೆಯದಲ್ಲಿ ಏರಿ, ಇಪ್ಪತ್ತರ ನಂತರ ನಿಧಾನಕ್ಕೆ ನಿಲ್ಲುತ್ತದೆ. ಕೆಲವರಿಗೆ ಕಾಲೇಜಿನ ವಯಸ್ಸಿನಲ್ಲೇ ಹೊಸದಾಗಿ ಬರುತ್ತದೆ. ನನಗೆ ಬಿ.ಎಸ್ಸಿ. ಎರಡನೇ ವರ್ಷದಲ್ಲಿ ಕನ್ನಡಕ ಬಂತು. ಹಾಕಿಕೊಂಡ ದಿನ ನಮ್ಮ ಮನೆಯ ಮಾಳಿಗೆಯಿಂದ ನೋಡಿದರೆ ಸೈನೈಡ್ ಗುಡ್ಡದ ಮೈಮೇಲೆ ಮಳೆನೀರು ಕೊರೆದ ಗೀರುಗಳು ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟವಾಗಿದ್ದವು. ಹುಟ್ಟಿದಾಗಿನಿಂದ ಕಂಡ ಗುಡ್ಡ ಅದು. ಅಷ್ಟು ದಿನ ಅದು ನನಗೆ ಒಂದೇ ಬೂದು ಬಣ್ಣದ ದಿಬ್ಬವಾಗಿತ್ತು. ಎಲ್ಲರಿಗೂ ಹಾಗೆಯೇ ಕಾಣುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ, ಏಕೆಂದರೆ ಇನ್ನೊಬ್ಬರ ಕಣ್ಣಿನಿಂದ ನೋಡಿ ಹೋಲಿಸಲು ಬರುವುದಿಲ್ಲ. ಹಲ್ಲು ನೋವಾದರೆ ಕೂಗುತ್ತದೆ. ದೃಷ್ಟಿ ಸದ್ದಿಲ್ಲದೆ ಕಡಿಮೆಯಾಗುತ್ತದೆ.

ಅದಕ್ಕೇ ನಮ್ಮ ಕಾಲೇಜು ತರಗತಿಗಳಲ್ಲಿ ಕಣ್ಣು ಕಾಣದವರು ಕಾಣದವರಂತೆ ಇರುವುದಿಲ್ಲ. ಅವರು ಮುಂದಿನ ಬೆಂಚಿನ ಹುಡುಗಿಯರು, ಪಕ್ಕದವರ ನೋಟ್ಸ್ ನೋಡಿ ಬರೆಯುವವರು, ಬೋರ್ಡಿನ ಫೋಟೊ ತೆಗೆದುಕೊಂಡು ಮನೆಗೆ ಹೋಗಿ ದೊಡ್ಡದು ಮಾಡಿ ಓದುವವರು, ಮಧ್ಯಾಹ್ನ ನಾಲ್ಕಕ್ಕೆ ತಲೆನೋವಿನ ಮಾತ್ರೆ ಹುಡುಕುವವರು. ಸೂಕ್ಷ್ಮ ಬೋಧನೆಯಲ್ಲಿ ಸಹಪಾಠಿಯ ಪಾಠ ಅವಲೋಕಿಸುವಾಗ ‘ಕಪ್ಪುಹಲಗೆ ಕೌಶಲ: ಉತ್ತಮ’ ಎಂದು ಗುರುತು ಹಾಕುವವರಲ್ಲಿ ಹಲಗೆ ಸರಿಯಾಗಿ ಕಾಣದವರೂ ಇರುತ್ತಾರೆ.

ನಮ್ಮ ಊರಿನ ಸಂಗತಿ

ಕೋಲಾರ ಚಿನ್ನದ ಗಣಿಗೆ ಶಿವನಸಮುದ್ರದಿಂದ ವಿದ್ಯುತ್ ಬಂದದ್ದು 1902ರಲ್ಲಿ. ಬೆಂಗಳೂರಿಗೆ ಬಂದದ್ದು 1905ರಲ್ಲಿ. ರಾಜಧಾನಿಗಿಂತ ಮೊದಲೇ ಬೆಳಕು ಕಂಡ ಊರು ನಮ್ಮದು ಎಂದು ಹಿರಿಯರು ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ. ಗಣಿ ನಡೆಯುತ್ತಿದ್ದಾಗ ಕಾರ್ಮಿಕರ ಕುಟುಂಬಗಳಿಗೆ ಕಂಪನಿಯ ಆಸ್ಪತ್ರೆ ಇತ್ತು. 2001ರಲ್ಲಿ ಗಣಿ ಮುಚ್ಚಿದ ಮೇಲೆ ಆ ಆಸರೆಯೂ ಹೋಯಿತು. ಈಗ ನಮ್ಮವರ ಬದುಕು ರೈಲಿನ ಮೇಲೆ ನಿಂತಿದೆ. ಮಾರಿಕುಪ್ಪಂನಿಂದ ಹೊರಡುವ ಗಾಡಿ ಊರಿಗಾಂ, ಕೋರಮಂಡಲ್, ಬಂಗಾರಪೇಟೆ ದಾಟಿ ಬೆಂಗಳೂರಿಗೆ ಹೋಗುತ್ತದೆ. ಅದರಲ್ಲಿ ಕೂಲಿಗೆ ಹೋಗುವವರು, ಕಾರ್ಖಾನೆಗೆ ಹೋಗುವವರು, ಅವರ ನಡುವೆ ಪುಸ್ತಕದ ಚೀಲ ಹಿಡಿದ ನಾವು. ಬೆಳಕು ಹರಿಯುವ ಮುಂಚೆ ಹೊರಟು ದೀಪ ಹಚ್ಚಿದ ಮೇಲೆ ಮನೆ ಸೇರುವ ವಿದ್ಯಾರ್ಥಿಗೆ ಓದುವ ಜಾಗವೆಂದರೆ ಆ ಅಲುಗಾಡುವ ಬೋಗಿಯೇ. ಪುಸ್ತಕ ತೆರೆಯಲು ಜಾಗವಿಲ್ಲದ್ದರಿಂದ ಅಂಗೈಯ ಮೊಬೈಲಿನಲ್ಲಿ ನೋಟ್ಸಿನ ಫೋಟೊ ಓದುತ್ತೇವೆ, ಮುಖಕ್ಕೆ ಒಂದು ಗೇಣು ದೂರದಲ್ಲಿ ಹಿಡಿದುಕೊಂಡು.

ಮೊಬೈಲೇ ಎಲ್ಲ ದೋಷಕ್ಕೂ ಕಾರಣ ಎಂದು ನಾನು ಹೇಳುವುದಿಲ್ಲ. ತಂದೆ ತಾಯಿಗೆ ಸಮೀಪ ದೃಷ್ಟಿ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ಹೆಚ್ಚು. ಅದರ ಜೊತೆಗೆ ಸದಾ ಹತ್ತಿರದ ವಸ್ತುವನ್ನೇ ನೋಡುವುದು ಮತ್ತು ಬಯಲಿನ ಬೆಳಕಿನಲ್ಲಿ ಕಳೆಯುವ ಸಮಯ ಕಡಿಮೆಯಾಗುವುದು ಸೇರಿಕೊಳ್ಳುತ್ತವೆ. ಚೀನಾದ ಗುವಾಂಗ್‌ಝೌ ನಗರದಲ್ಲಿ ಒಂದನೇ ತರಗತಿಯ ಮಕ್ಕಳಿಗೆ ದಿನಕ್ಕೆ 40 ನಿಮಿಷ ಹೆಚ್ಚುವರಿಯಾಗಿ ಹೊರಾಂಗಣ ಅವಧಿ ಕೊಟ್ಟು ಮೂರು ವರ್ಷ ಗಮನಿಸಿದರು. 2015ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಹೊರಗೆ ಹೋದ ಮಕ್ಕಳಲ್ಲಿ ಹೊಸದಾಗಿ ಸಮೀಪ ದೃಷ್ಟಿ ಬಂದವರು ಶೇ. 30ರಷ್ಟು, ಹೋಗದವರಲ್ಲಿ ಸುಮಾರು ಶೇ. 40ರಷ್ಟು. ಆಟದ ಅವಧಿಯನ್ನು ಕಿತ್ತು ಗಣಿತಕ್ಕೆ ಕೊಡುವ ನಮ್ಮ ಪ್ರೌಢಶಾಲೆಗಳ ಅಭ್ಯಾಸವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಪದವಿ ವಿದ್ಯಾರ್ಥಿಗಳಿಗಂತೂ ಹಗಲಿನಲ್ಲಿ ದೂರ ನೋಡುವ ಹೊತ್ತೆಂದರೆ ಬಂಗಾರಪೇಟೆಯಲ್ಲಿ ಗಾಡಿ ಇಳಿದು ಪಾನಿಪುರಿ ತಿನ್ನುವ ಹತ್ತು ನಿಮಿಷ ಮಾತ್ರ.

ಪರದೆಯಿಂದ ಆಗುವ ಇನ್ನೊಂದು ತೊಂದರೆ ಕಣ್ಣಿನ ಒಣಗುವಿಕೆ. ನಿಮಿಷಕ್ಕೆ ಸುಮಾರು 15 ಬಾರಿ ಮಿಟುಕುವ ರೆಪ್ಪೆ ಪರದೆಯನ್ನು ದಿಟ್ಟಿಸುವಾಗ ಅದರ ಅರ್ಧಕ್ಕೂ ಇಳಿಯುತ್ತದೆ. ಕಣ್ಣೀರಿನ ತೆಳುಪದರ ಒಣಗಿ ಉರಿ, ಕೆರೆತ, ಮಂಜು ಮಂಜಾದ ನೋಟ ಬರುತ್ತದೆ. ಗಾಳಿ ಎದ್ದ ದಿನಗಳಲ್ಲಿ ನಮ್ಮ ಊರಿನ ಗುಡ್ಡಗಳಿಂದ ಏಳುವ ಧೂಳು ಇದಕ್ಕೆ ಸೇರಿದರೆ ಕಣ್ಣು ಉಜ್ಜದೆ ಇರಲಾಗುವುದಿಲ್ಲ. ಕಣ್ಣು ಜೋರಾಗಿ ಉಜ್ಜುವುದು ಸಣ್ಣ ಅಭ್ಯಾಸದಂತೆ ಕಂಡರೂ ಸಣ್ಣದಲ್ಲ. ಕಾರ್ನಿಯಾ ತೆಳುವಾಗಿ ಶಂಕುವಿನಂತೆ ಮುಂದೆ ಚಾಚುವ ಕೆರಟೋಕೋನಸ್ ಎಂಬ ಕಾಯಿಲೆಗೂ ಕಣ್ಣು ಉಜ್ಜುವ ಅಭ್ಯಾಸಕ್ಕೂ ಸಂಬಂಧವಿದೆ ಎಂದು ವೈದ್ಯರು ಎಚ್ಚರಿಸುತ್ತಾರೆ. ಅದು ಸಾಮಾನ್ಯವಾಗಿ ಹದಿಹರೆಯದಿಂದ ಇಪ್ಪತ್ತರ ವಯಸ್ಸಿನಲ್ಲಿಯೇ ಕಾಣಿಸಿಕೊಳ್ಳುತ್ತದೆ, ಅಂದರೆ ನಮ್ಮ ವಯಸ್ಸಿನಲ್ಲೇ. ಮೇಲಿಂದ ಮೇಲೆ ಸಿಲಿಂಡರ್ ಪವರ್ ಬದಲಾಗುತ್ತಿದ್ದರೆ ಕನ್ನಡಕದ ಅಂಗಡಿಯಲ್ಲೇ ನಿಲ್ಲದೆ ವೈದ್ಯರ ಹತ್ತಿರ ಹೋಗಬೇಕು.

ತಡವಾಗಿ ತಿಳಿದರೆ ಏನಾಗುತ್ತದೆ

ನಮ್ಮ ಬೀದಿಯ ಒಬ್ಬ ಅಣ್ಣ ಬಿ.ಎಸ್ಸಿ. ಮುಗಿಸಿ ಸಹಾಯಕ ಲೋಕೊ ಪೈಲಟ್ ಹುದ್ದೆಗೆ ಓದುತ್ತಿದ್ದ. ರೈಲಿನ ಸದ್ದು ಕೇಳುತ್ತಲೇ ಬೆಳೆದ ಊರಿನಲ್ಲಿ ಅದು ಸಹಜವಾದ ಕನಸು. ಹಗಲು ಕೆಲಸ, ರಾತ್ರಿ ಓದು ಎಂದು ವರ್ಷಗಳನ್ನು ಕಳೆದು ಲಿಖಿತ ಪರೀಕ್ಷೆಗಳಲ್ಲಿ ಪಾಸಾದ. ವೈದ್ಯಕೀಯ ಪರೀಕ್ಷೆಯಲ್ಲಿ ಬಣ್ಣದ ಚುಕ್ಕೆಗಳ ಪುಸ್ತಕ ತೆರೆದು ಸಂಖ್ಯೆ ಓದಲು ಹೇಳಿದರು. ಅವನಿಗೆ ಸಂಖ್ಯೆ ಕಾಣಲಿಲ್ಲ. ಕೆಂಪು ಮತ್ತು ಹಸಿರಿನ ವ್ಯತ್ಯಾಸ ಸರಿಯಾಗಿ ತಿಳಿಯದ ಬಣ್ಣಗುರುಡು ಅವನಿಗೆ ಹುಟ್ಟಿನಿಂದಲೇ ಇತ್ತು, ತಿಳಿದದ್ದು ಇಪ್ಪತ್ತಾರನೇ ವಯಸ್ಸಿಗೆ. ರೈಲು ಓಡಿಸುವವರಿಗೆ ಕನ್ನಡಕವಿಲ್ಲದೆ 6/6 ದೃಷ್ಟಿ ಮತ್ತು ಸರಿಯಾದ ವರ್ಣದೃಷ್ಟಿ ಇರಲೇಬೇಕು. ಆ ನಿಯಮ ಸರಿಯಾಗಿಯೇ ಇದೆ, ಸಾವಿರಾರು ಪ್ರಯಾಣಿಕರ ಜೀವ ಸಿಗ್ನಲಿನ ಬಣ್ಣದ ಮೇಲೆ ನಿಂತಿರುತ್ತದೆ. ತಪ್ಪಿದ್ದು ಅದಕ್ಕೂ ಮೊದಲು. ಹತ್ತನೇ ತರಗತಿಯಲ್ಲೋ ಪದವಿಯ ಮೊದಲ ವರ್ಷದಲ್ಲೋ ಐದು ನಿಮಿಷದ ಪರೀಕ್ಷೆ ಮಾಡಿಸಿದ್ದರೆ ಅವನು ಬೇರೆ ಹುದ್ದೆಗೆ ಓದುತ್ತಿದ್ದ. ಬಣ್ಣಗುರುಡು ಇರುವವರಿಗೂ ತೆರೆದಿರುವ ಕೆಲಸಗಳು ಬೇಕಾದಷ್ಟಿವೆ. ಕಳೆದ ವರ್ಷಗಳನ್ನು ಮಾತ್ರ ಯಾರೂ ಹಿಂದಕ್ಕೆ ಕೊಡುವುದಿಲ್ಲ.

ಈ ದೋಷ ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ಬಹಳ ಹೆಚ್ಚು. ಅದರ ಜೀನು ಎಕ್ಸ್ ವರ್ಣತಂತುವಿನಲ್ಲಿದೆ ಎಂದು ನಾವೇ ಅನುವಂಶೀಯತೆಯ ಪಾಠದಲ್ಲಿ ಚೌಕಳಿ ಹಾಕಿ ವಿವರಿಸುತ್ತೇವೆ. ಆದರೆ ಆ ಪಾಠ ಕೇಳುತ್ತಾ ಕುಳಿತ ಹುಡುಗರಲ್ಲಿ ಯಾರಿಗೆ ಅದು ಇದೆ ಎಂದು ನೋಡುವುದಿಲ್ಲ. ರಸಾಯನಶಾಸ್ತ್ರದ ಪ್ರಯೋಗದಲ್ಲಿ ಮೀಥೈಲ್ ಆರೆಂಜ್ ಬಣ್ಣ ಬದಲಿಸುವ ಬಿಂದು ಹಿಡಿಯಲಾಗದ ಹುಡುಗನಿಗೆ ‘ಗಮನ ಇಲ್ಲ’ ಎಂದು ಬಯ್ಯುತ್ತೇವೆ. ಹಲಗೆಯ ಮೇಲೆ ಮುಖ್ಯ ಅಂಶಗಳನ್ನು ಕೆಂಪು ಸೀಮೆಸುಣ್ಣದಲ್ಲಿ ಬರೆಯುತ್ತೇವೆ. ಅಂಥ ಹುಡುಗನಿಗೆ ಆ ಮುಖ್ಯ ಅಂಶವೇ ಎಲ್ಲಕ್ಕಿಂತ ಮಂಕಾಗಿ ಕಾಣುತ್ತದೆ.

ಅಕ್ಷರ ಎಷ್ಟು ದೊಡ್ಡದಿರಬೇಕು: ಒಂದು ಲೆಕ್ಕ

ಪಾಠ ಯೋಜನೆಯಲ್ಲಿ ‘ಅಕ್ಷರಗಳು ಸ್ಪಷ್ಟವಾಗಿರಬೇಕು’ ಎಂದು ಬರೆಯುತ್ತೇವೆ. ಎಷ್ಟು ಸ್ಪಷ್ಟ? ಭೌತಶಾಸ್ತ್ರ ಓದಿದವರು ಇದನ್ನು ಅಳೆಯಬಹುದು. ನೆದರ್‌ಲೆಂಡ್ಸ್‌ನ ಹರ್ಮನ್ ಸ್ನೆಲೆನ್ 1862ರಲ್ಲಿ ರೂಪಿಸಿದ ದೃಷ್ಟಿ ಫಲಕದಲ್ಲಿ 6/6 ಗೆರೆಯ ಅಕ್ಷರ ಆರು ಮೀಟರ್ ದೂರದಿಂದ ಕಣ್ಣಿನಲ್ಲಿ 5 ನಿಮಿಷದ ಕೋನ ಉಂಟುಮಾಡುತ್ತದೆ. ಲೆಕ್ಕ ಹಾಕಿದರೆ ಆ ಅಕ್ಷರದ ಎತ್ತರ ಸುಮಾರು 8.7 ಮಿಲಿಮೀಟರ್. ಕೊನೆಯ ಬೆಂಚು ಹಲಗೆಯಿಂದ ಎಂಟು ಮೀಟರ್ ದೂರದಲ್ಲಿದ್ದರೆ ಅದೇ ಕೋನಕ್ಕೆ ಅಕ್ಷರ 11.6 ಮಿಲಿಮೀಟರ್ ಇರಬೇಕು. ಇದು ಒಳ್ಳೆಯ ಕಣ್ಣಿನ ಮಗು ಕಷ್ಟಪಟ್ಟು ಗುರುತಿಸುವ ಅಂಚಿನ ಅಳತೆ. ಆರಾಮವಾಗಿ ಓದಲು ಇದರ ಎರಡರಷ್ಟಾದರೂ ಬೇಕು.

ಈಗ 6/12 ದೃಷ್ಟಿಯ ಮಗುವನ್ನು ತೆಗೆದುಕೊಳ್ಳಿ. ಬೇರೆಯವರು ಹನ್ನೆರಡು ಮೀಟರಿನಿಂದ ಓದುವುದನ್ನು ಈ ಮಗು ಆರು ಮೀಟರಿನಿಂದ ಓದುತ್ತದೆ. ಎಂಟು ಮೀಟರ್ ದೂರದಲ್ಲಿ ಕುಳಿತ ಆ ಮಗುವಿಗೆ ಅಂಚಿನ ಅಳತೆಯೇ 23 ಮಿಲಿಮೀಟರ್. 6/18 ದೃಷ್ಟಿಯ ಮಗುವಿಗೆ 35 ಮಿಲಿಮೀಟರ್. ನಾವು ಹಲಗೆಯ ಮೇಲೆ ಸಾಮಾನ್ಯವಾಗಿ ಬರೆಯುವ ಅಕ್ಷರಗಳನ್ನು ಒಮ್ಮೆ ಸ್ಕೇಲ್ ಇಟ್ಟು ಅಳೆಯಿರಿ. ಸುಮಾರು ನಾಲ್ಕು ಸೆಂಟಿಮೀಟರ್ ಎಂದಿಟ್ಟುಕೊಂಡರೂ ಅದರ ಕೆಳಗಿನ ಒತ್ತಕ್ಷರ ಎರಡು ಸೆಂಟಿಮೀಟರ್ ದಾಟುವುದಿಲ್ಲ. ಅಂದರೆ 6/12 ದೃಷ್ಟಿಯ ಮಗುವಿಗೆ ಅಕ್ಷರ ಕಾಣುತ್ತದೆ, ಒತ್ತು ಕಾಣುವುದಿಲ್ಲ. ಸೂತ್ರ ಕಾಣುತ್ತದೆ, ಅದರ ಮೇಲಿನ ಘಾತಾಂಕ ಕಾಣುವುದಿಲ್ಲ. ಗಂಧಕಾಮ್ಲದ ಸಂಕೇತ ಕಾಣುತ್ತದೆ, ಕೆಳಗಿನ ಚಿಕ್ಕ 2 ಮತ್ತು 4 ಕಾಣುವುದಿಲ್ಲ. ಸ್ನೆಲೆನ್ ಫಲಕದ ಸರಳ ಅಕ್ಷರಗಳಿಗೆ ಹಾಕಿದ ಲೆಕ್ಕ ಇದು. ದ, ಧ, ಥ ನಡುವಿನ ವ್ಯತ್ಯಾಸ ಒಂದು ಸೀಳು ಅಥವಾ ಒಂದು ಚುಕ್ಕೆಯಷ್ಟೇ. ಬ ಮತ್ತು ಭ, ಪ ಮತ್ತು ಷ ಕೂಡ ಹಾಗೆಯೇ. ನಮ್ಮ ಲಿಪಿಗೆ ಇನ್ನೂ ದೊಡ್ಡ ಅಕ್ಷರ ಬೇಕು.

ಈ ಲೆಕ್ಕ ನಮ್ಮ ಭಾಗದಲ್ಲಿ ಇನ್ನೂ ಮುಖ್ಯ. ಕೆ.ಜಿ.ಎಫ್.ನ ಮಕ್ಕಳಲ್ಲಿ ಅನೇಕರ ಮನೆಮಾತು ತಮಿಳು, ಬಂಗಾರಪೇಟೆ ಕಡೆ ತೆಲುಗು. ತಮಿಳು ಲಿಪಿಯಲ್ಲಿ ಮಹಾಪ್ರಾಣಗಳಿಲ್ಲ. ಆದ್ದರಿಂದ ಮಗು ‘ಧನ’ ಎಂಬಲ್ಲಿ ‘ದನ’ ಎಂದು ಬರೆದರೆ ‘ಮನೆಮಾತಿನ ಪ್ರಭಾವ’ ಎಂದು ಅವಲೋಕನ ಪುಸ್ತಕದಲ್ಲಿ ಬರೆದು ಮುಂದೆ ಹೋಗುತ್ತೇವೆ. ಎಷ್ಟೋ ಸಲ ಅದು ನಿಜವೂ ಇರಬಹುದು. ಆದರೆ ಮನೆಮಾತಿನಿಂದ ಆದ ತಪ್ಪೋ ಕಣ್ಣಿನಿಂದ ಆದ ತಪ್ಪೋ ಎಂದು ಬೇರ್ಪಡಿಸಲು ಒಂದು ಸುಲಭ ದಾರಿ ಇದೆ. ಒಂದೇ ಮಟ್ಟದ ಎರಡು ವಾಕ್ಯವೃಂದ ತೆಗೆದುಕೊಳ್ಳಿ. ಒಂದನ್ನು ಹಲಗೆಯಿಂದ ನಕಲು ಮಾಡಲು ಹೇಳಿ, ಇನ್ನೊಂದನ್ನು ಕೈಯಲ್ಲಿರುವ ಪುಸ್ತಕದಿಂದ. ಪುಸ್ತಕದಿಂದ ಬರೆದದ್ದು ಸರಿಯಾಗಿದ್ದು ಹಲಗೆಯಿಂದ ಬರೆದದ್ದರಲ್ಲಿ ತಪ್ಪು ಹೆಚ್ಚಿದ್ದರೆ ಮೊದಲು ಕಣ್ಣನ್ನು ಅನುಮಾನಿಸಬೇಕು. ಮನೆಮಾತು ಹಲಗೆಗೂ ಪುಸ್ತಕಕ್ಕೂ ಒಂದೇ ತಾನೆ!

ಬಂಗಾರಪೇಟೆಯ ಶಾಲೆಯೊಂದರಲ್ಲಿ ಬೋಧನಾ ಅಭ್ಯಾಸ ಮಾಡುವಾಗ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳಿಗೆ ಹೀಗೆ ಬರೆಸಿ ನೋಡಿದೆ. ಪುಸ್ತಕದ ನಕಲಿನಲ್ಲಿ ಒಂದು ತಪ್ಪೂ ಇರಲಿಲ್ಲ. ಹಲಗೆಯ ನಕಲಿನಲ್ಲಿ ಒತ್ತಕ್ಷರಗಳೇ ಮಾಯವಾಗಿದ್ದವು. ಕಾಣಿಸುತ್ತಾ ಎಂದು ಕೇಳಿದರೆ, “ಕಾಣ್ಸಲ್ಲ ಮಿಸ್, ಪಕ್ಕದವಳ ನೋಟ್‌ಬುಕ್ ನೋಡಿ ಬರ್ಕೊಂಬಿಡ್ತೀನಿ” ಎಂದಳು, ಅದೇನೂ ದೊಡ್ಡ ವಿಷಯವಲ್ಲ ಎಂಬಂತೆ. ಮಾರ್ಗದರ್ಶಕ ಶಿಕ್ಷಕರು ತಾಯಿಯನ್ನು ಕರೆಸಿದರು. “ಈಗಲೇ ಕನ್ನಡಕ ಹಾಕ್ಸಿದ್ರೆ ಮುಂದೆ ಸಂಬಂಧ ಬರೋದು ಹೆಂಗೆ ಮೇಡಂ?” ಎಂದು ಆ ತಾಯಿ ಕೇಳಿದರು. ಅವರದ್ದು ಅಜ್ಞಾನ ಎಂದು ತಳ್ಳಿಹಾಕಲು ನನಗೆ ಮನಸ್ಸಾಗಲಿಲ್ಲ. ನನ್ನನ್ನು ನೋಡಲು ಬಂದವರ ಮುಂದೆಯೂ ಕನ್ನಡಕ ತೆಗೆದು ಕೂರು ಎಂದು ಹೇಳಿದ ಹಿರಿಯರು ನಮ್ಮ ಮನೆಯಲ್ಲೇ ಇದ್ದಾರೆ. ನನ್ನ ಅಭ್ಯಾಸದ ಅವಧಿ ಮುಗಿಯುವ ಹೊತ್ತಿಗೆ ಆ ಹುಡುಗಿ ಮೂರನೇ ಬೆಂಚಿನಿಂದ ಮೊದಲನೇ ಬೆಂಚಿಗೆ ಬಂದಿದ್ದಳು. ಕನ್ನಡಕ ಇನ್ನೂ ಬಂದಿರಲಿಲ್ಲ. ಅವಳು ಹೀಗೆಯೇ ಪಿ.ಯು., ಪದವಿ ಮುಗಿಸಿ ಒಂದು ದಿನ ನಮ್ಮ ಕಾಲೇಜಿಗೆ ಬಂದರೆ ಅಲ್ಲಿಯೂ ಯಾರೂ ಕೇಳುವುದಿಲ್ಲವಲ್ಲ ಎಂಬುದೇ ನನ್ನ ಚಿಂತೆ.

ನಂಬಿಕೆಗಳು ಮತ್ತು ಅಂಗಡಿಗಳು

ಕನ್ನಡಕ ಹಾಕಿದರೆ ಪವರ್ ಏರುತ್ತದೆ ಎಂಬ ಮಾತು ವಿಜ್ಞಾನ ಪದವೀಧರರ ಬಾಯಲ್ಲೂ ಕೇಳುತ್ತೇನೆ. ಪವರ್ ಏರುವುದು ಕಣ್ಣುಗುಡ್ಡೆ ಉದ್ದವಾಗುವುದರಿಂದ. ಕನ್ನಡಕ ಅದಕ್ಕೆ ಕಾರಣವಲ್ಲ. ಬೇಕಾದ್ದಕ್ಕಿಂತ ಕಡಿಮೆ ಪವರ್ ಕೊಟ್ಟರೆ ಏರುವುದು ನಿಲ್ಲುತ್ತದೆಯೇ ಎಂದು ಮಲೇಷ್ಯಾದಲ್ಲಿ ಪರೀಕ್ಷಿಸಿ ನೋಡಿದರು. 2002ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಕಡಿಮೆ ಪವರ್ ಹಾಕಿದ ಮಕ್ಕಳಿಗೇ ದೋಷ ಹೆಚ್ಚು ಏರಿತ್ತು. ಚೀನಾದ ಗ್ರಾಮೀಣ ಶಾಲೆಗಳಲ್ಲಿ ಉಚಿತ ಕನ್ನಡಕ ಕೊಟ್ಟು ನೋಡಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಕನ್ನಡಕ ಸಿಕ್ಕ ಮಕ್ಕಳ ಗಣಿತದ ಅಂಕಗಳು ಉತ್ತಮಗೊಂಡಿದ್ದವು. ಪರಿಹಾರ ಬೋಧನೆಗೆಂದು ನಾವು ತಯಾರಿಸುವ ಎಷ್ಟೋ ಚಾರ್ಟುಗಳಿಗಿಂತ ಒಂದು ಜೊತೆ ಮಸೂರ ಹೆಚ್ಚು ಕೆಲಸ ಮಾಡುವ ಮಕ್ಕಳಿದ್ದಾರೆ.

ಇದಕ್ಕೆ ವಿರುದ್ಧವಾಗಿ, ಬೇಡದ್ದನ್ನು ಕೊಳ್ಳುವವರೂ ನಮ್ಮಲ್ಲಿದ್ದಾರೆ. ನೀಲಿ ಬೆಳಕು ತಡೆಯುವ ಕನ್ನಡಕವೆಂದು ಹೆಚ್ಚು ಹಣ ಕೊಟ್ಟು ಕೊಂಡ ಸಹಪಾಠಿಗಳನ್ನು ಕಂಡಿದ್ದೇನೆ. ಈ ಕುರಿತ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ಕಾಕ್ರೇನ್ ಸಂಸ್ಥೆ 2023ರಲ್ಲಿ ಪ್ರಕಟಿಸಿದ ಪರಾಮರ್ಶೆ, ಕಣ್ಣಿನ ಆಯಾಸ ಕಡಿಮೆ ಮಾಡುವುದರಲ್ಲಿ ಅಲ್ಪಾವಧಿಯಲ್ಲಿ ಇವುಗಳಿಂದ ವಿಶೇಷ ಪ್ರಯೋಜನ ಕಾಣುವುದಿಲ್ಲ ಎಂದಿತು. ಆಗಾಗ ಪರದೆಯಿಂದ ಕಣ್ಣೆತ್ತಿ ಕಿಟಕಿಯ ಹೊರಗೆ ದೂರ ನೋಡುವುದಕ್ಕೆ ಒಂದು ರೂಪಾಯಿಯೂ ಬೇಕಿಲ್ಲ. 2021ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಕಣ್ಣುಗಳು ದಾನವಾದ ಮೇಲೆ ನಮ್ಮ ಯುವಕ ಯುವತಿಯರು ಸಾಲುಗಟ್ಟಿ ನೇತ್ರದಾನಕ್ಕೆ ಹೆಸರು ಬರೆಸಿದರು. ಅದು ಹೆಮ್ಮೆಯ ವಿಷಯ. ಸತ್ತ ಮೇಲೆ ಇನ್ನೊಬ್ಬರಿಗೆ ಕೊಡಲಿರುವ ಕಣ್ಣನ್ನು ಬದುಕಿರುವಾಗ ಒಮ್ಮೆ ಪರೀಕ್ಷಿಸಿಕೊಳ್ಳುವುದೂ ಅದೇ ಕಾಳಜಿಯ ಭಾಗವಾಗಬೇಕು.

ಬರಬಹುದಾದ ಆಕ್ಷೇಪಗಳು

ನಾವು ಶಿಕ್ಷಕರು, ವೈದ್ಯರಲ್ಲ ಎಂದು ಕೆಲವರು ಹೇಳಬಹುದು. ಒಪ್ಪುತ್ತೇನೆ. ಪವರ್ ನಿರ್ಧರಿಸುವುದು ನಮ್ಮ ಕೆಲಸವಲ್ಲ. ಆದರೆ ಆರು ಮೀಟರಿನಿಂದ 6/9 ಗೆರೆ ಓದಲಾಗದ ಮಗುವನ್ನು ಗುರುತಿಸಿ ನೇತ್ರಾಧಿಕಾರಿಯ ಬಳಿಗೆ ಕಳಿಸುವುದು ಶಿಕ್ಷಕರಿಂದ ಆಗುವ ಕೆಲಸ. ನಮ್ಮ ರಾಷ್ಟ್ರೀಯ ಕಾರ್ಯಕ್ರಮವೇ ಶಾಲಾ ತಪಾಸಣೆಯಲ್ಲಿ ಶಿಕ್ಷಕರನ್ನು ಹಾಗೆ ಬಳಸಿಕೊಂಡಿದೆ.

ಸಮನ್ವಯ ಶಿಕ್ಷಣದ ಪತ್ರಿಕೆಯಲ್ಲಿ ಇದೆಲ್ಲ ಇದೆಯಲ್ಲ ಎಂಬುದು ಇನ್ನೊಂದು ಆಕ್ಷೇಪ. ಅಲ್ಲಿ ನಾವು ಅಂಧತ್ವ, ಮಂದದೃಷ್ಟಿ, ಬ್ರೈಲ್ ಬಗ್ಗೆ ಓದುತ್ತೇವೆ. ಅದು ಬೇಕೇ ಬೇಕು. ಆದರೆ ಕನ್ನಡಕ ಹಾಕಿದರೆ ಪೂರ್ತಿ ಸರಿಹೋಗುವ ಮಗು ಆ ವ್ಯಾಖ್ಯೆಗಳೊಳಗೆ ಬರುವುದಿಲ್ಲ. ತರಗತಿಯಲ್ಲಿ ಹೆಚ್ಚಾಗಿ ಇರುವುದು ಆ ಮಗುವೇ. ವಿಶ್ವ ಆರೋಗ್ಯ ಸಂಸ್ಥೆಯ 2019ರ ವರದಿಯ ಪ್ರಕಾರ ಜಗತ್ತಿನಲ್ಲಿ ದೃಷ್ಟಿ ಸಮಸ್ಯೆ ಇರುವವರು ಕನಿಷ್ಠ 220 ಕೋಟಿ. ಅವರಲ್ಲಿ ಕನಿಷ್ಠ 100 ಕೋಟಿ ಜನರ ಸಮಸ್ಯೆ ತಡೆಯಬಹುದಾಗಿದ್ದದ್ದು ಅಥವಾ ಇನ್ನೂ ಪರಿಹಾರ ಸಿಗದೆ ಉಳಿದದ್ದು.

ಬಡತನದ ಊರಿನಲ್ಲಿ ಕನ್ನಡಕಕ್ಕೆ ಹಣ ಎಲ್ಲಿಂದ ಎಂದು ಕೇಳುವವರಿದ್ದಾರೆ. ಕೋಲಾರದ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆ, ಟಮಕದ ಜಾಲಪ್ಪ ಆಸ್ಪತ್ರೆ ಬಸ್ಸಿನ ದಾರಿಯಲ್ಲೇ ಇವೆ. ಸರಳವಾದ ಕನ್ನಡಕ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಒಂದು ವಿಷಯದಲ್ಲಿ ಫೇಲಾಗಿ ಮತ್ತೆ ಶುಲ್ಕ ಕಟ್ಟಿ, ಮತ್ತೆ ಆರು ತಿಂಗಳು ರೈಲು ಪಾಸ್ ಮಾಡಿಸುವ ಖರ್ಚು ಅದಕ್ಕಿಂತ ದೊಡ್ಡದು.

ನನ್ನ ಸಲಹೆಗಳು

ಕಾಲೇಜಿನ ಮಟ್ಟದಲ್ಲಿ ಮೂರು ಕೆಲಸ ಆಗಬೇಕು. ಮೊದಲನೆಯದು, ಪ್ರವೇಶದ ತಿಂಗಳಲ್ಲಿ ತಾಲ್ಲೂಕು ಆಸ್ಪತ್ರೆಯ ನೇತ್ರಾಧಿಕಾರಿಗಳನ್ನು ಒಂದು ದಿನ ಕರೆಸಿ ಎಲ್ಲ ಪ್ರಶಿಕ್ಷಣಾರ್ಥಿಗಳ ದೂರದೃಷ್ಟಿ, ಹತ್ತಿರದ ದೃಷ್ಟಿ, ವರ್ಣದೃಷ್ಟಿ ಪರೀಕ್ಷಿಸಬೇಕು. ಫಲಿತಾಂಶ ಆಯಾ ವಿದ್ಯಾರ್ಥಿಯ ಕೈಗೆ ಮಾತ್ರ ಸಿಗಬೇಕು, ಸೂಚನಾ ಫಲಕಕ್ಕೆ ಅಂಟಿಸಬಾರದು. ದೋಷ ಇದೆ ಎಂಬ ಕಾರಣಕ್ಕೆ ಯಾರಿಗೂ ಪ್ರವೇಶ ತಪ್ಪಬಾರದು. ಎರಡನೆಯದು, ಸೂಕ್ಷ್ಮ ಬೋಧನೆಯ ಕಪ್ಪುಹಲಗೆ ಕೌಶಲದ ಅವಲೋಕನ ಪಟ್ಟಿಯಲ್ಲಿ ‘ಕೊನೆಯ ಬೆಂಚಿನಿಂದ ಒತ್ತಕ್ಷರ ಓದಬಹುದೇ’ ಎಂಬ ಅಂಶ ಸೇರಬೇಕು. ಅವಲೋಕನ ಮಾಡುವವರು ಆ ಬೆಂಚಿನಲ್ಲಿ ಕುಳಿತೇ ಗುರುತು ಹಾಕಬೇಕು. ಮೂರನೆಯದು, ದೃಷ್ಟಿ ಫಲಕ ಬಳಸುವ ವಿಧಾನವನ್ನು ಪ್ರಾಯೋಗಿಕವಾಗಿ ಕಲಿಸಬೇಕು. ಒಂದು ಮಧ್ಯಾಹ್ನ ಸಾಕು.

ಬೋಧನಾ ಅಭ್ಯಾಸಕ್ಕೆ ಹೋಗುವ ಮಿತ್ರರು ಯಾರ ಆದೇಶಕ್ಕೂ ಕಾಯದೆ ಮಾಡಬಹುದಾದದ್ದೂ ಇದೆ. ಅಳತೆ ಟೇಪಿನಿಂದ ಆರು ಮೀಟರ್ ಅಳೆದು ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆಯಿರಿ. ಗೋಡೆಗೆ ಫಲಕ ತೂಗುಹಾಕಿ ಹಗಲು ಬೆಳಕಿನಲ್ಲಿ ಒಂದೊಂದೇ ಕಣ್ಣಿಗೆ ಓದಿಸಿ. ಕಣ್ಣನ್ನು ಅಂಗೈಯಿಂದ ಒತ್ತದೆ ಹಗುರವಾಗಿ ಮುಚ್ಚಿಸಿ, ಬೆರಳ ಸಂದಿಯಿಂದ ಇಣುಕಲು ಬಿಡಬೇಡಿ. ಒಂದು ಕಣ್ಣು ಚೆನ್ನಾಗಿದ್ದರೆ ಇನ್ನೊಂದರ ದೋಷ ಮಗುವಿಗೇ ತಿಳಿದಿರುವುದಿಲ್ಲ. ಓದಲಾಗದವರ ಪಟ್ಟಿಯನ್ನು ಮಾರ್ಗದರ್ಶಕ ಶಿಕ್ಷಕರಿಗೆ ಕೊಡಿ, ಅಷ್ಟರಲ್ಲಿ ಅವರನ್ನು ಮುಂದೆ ಕೂರಿಸಿ. ಐದು ಸೆಂಟಿಮೀಟರಿಗಿಂತ ಚಿಕ್ಕ ಅಕ್ಷರ ಬರೆಯಬೇಡಿ, ಒತ್ತನ್ನು ಇನ್ನಷ್ಟು ದೊಡ್ಡದಾಗಿ ಬರೆಯಿರಿ, ಬರೆದದ್ದನ್ನು ಬಾಯಲ್ಲೂ ಹೇಳಿ. ಕೆಂಪು ಸೀಮೆಸುಣ್ಣವನ್ನು ಪೆಟ್ಟಿಗೆಯಲ್ಲೇ ಬಿಟ್ಟು ಬಿಳಿ, ಹಳದಿ ಬಳಸಿ. ಯಾರಿಗಾದರೂ ಇದ್ದಕ್ಕಿದ್ದಂತೆ ಕಣ್ಣಿನಲ್ಲಿ ಮಿಂಚು ಹೊಡೆದಂತಾದರೆ, ಕಪ್ಪು ಚುಕ್ಕೆಗಳು ತುಂಬಿದರೆ, ಒಂದು ಬದಿಗೆ ಪರದೆ ಬಿದ್ದಂತಾದರೆ ಅದೇ ದಿನ ಆಸ್ಪತ್ರೆಗೆ ಕಳಿಸಿ. ಹೆಚ್ಚು ಪವರ್ ಇರುವ ಯುವಕರಲ್ಲೂ ಅಕ್ಷಿಪಟಲ ಕಳಚುವುದುಂಟು.

ಹತ್ತನೇ ತರಗತಿಯಲ್ಲಿ ಮಾನವನ ಕಣ್ಣಿನ ಪಾಠ ಮಾಡುವವರಿಗೆ ಇನ್ನೊಂದು ಮಾತು. ಸಮೀಪ ದೃಷ್ಟಿಯ ಕಿರಣ ಚಿತ್ರ ಬರೆಸಿ, ನಿಮ್ನ ಮಸೂರದ ಹೆಸರು ಹೇಳಿಸಿ ನಿಲ್ಲಿಸಬೇಡಿ. ಮೈನಸ್ ಎರಡು ಡಯಾಪ್ಟರ್ ದೋಷ ಇರುವವರಿಗೆ ಐವತ್ತು ಸೆಂಟಿಮೀಟರ್ ಆಚೆಗಿನದೆಲ್ಲ ಮಂಜು ಎಂದು ಸೂತ್ರದಿಂದಲೇ ತೋರಿಸಿ. ನಂತರ ಅದೇ ಅವಧಿಯಲ್ಲಿ ಫಲಕವನ್ನು ಗೋಡೆಗೆ ಹಾಕಿ. ಆ ಪಾಠಕ್ಕೆ ಬೇರೆ ಬೋಧನೋಪಕರಣ ಹುಡುಕಬೇಕಿಲ್ಲ. ತರಗತಿಯಲ್ಲಿ ಎಷ್ಟು ಮಕ್ಕಳಿದ್ದಾರೋ ಅದರ ಎರಡರಷ್ಟು ಕಣ್ಣುಗಳು ಅಲ್ಲಿಯೇ ಇವೆ.

ಮುಂದಿನ ತಂಡದ ಬೋಧನಾ ಅಭ್ಯಾಸ ಆರಂಭವಾಗುವ ಮೊದಲು ನಮ್ಮ ಕಾಲೇಜಿನ ಉಪಕರಣಗಳ ಕೊಠಡಿಯಲ್ಲಿ ಭೂಪಟ, ಗ್ಲೋಬು, ಬೀಕರುಗಳ ಜೊತೆ ಹತ್ತು ದೃಷ್ಟಿ ಫಲಕಗಳೂ ಇರಲಿ ಎಂದು ಪ್ರಾಂಶುಪಾಲರಲ್ಲಿ ಮತ್ತು ಉಪನ್ಯಾಸಕರಲ್ಲಿ ವಿನಂತಿಸುತ್ತೇನೆ. ಅವುಗಳನ್ನು ಬಳಸುವುದಕ್ಕೆ ಮೊದಲು, ನಾವೇ ಒಬ್ಬೊಬ್ಬರಾಗಿ ಆರು ಮೀಟರಿನ ಗೆರೆಯ ಮೇಲೆ ನಿಂತು ಓದಿ ನೋಡೋಣ.